ಉಜ್ಜಿದರೆ ಹೋಗುವ ಕೊಳೆಯಲ್ಲ ಇದು

ಕಳೆದ ಈದ್‌ನ ಮೂರನೆಯ ದಿನ ಬಸವನ ಬಾಗೇವಾಡಿಯ ಪರಿಚಯದ ಮನೆಯೊಂದಕ್ಕೆ ಹೋಗಿದ್ದೆ. ಶೀರ್ ಖುರ್ಮಾದ ಬಟ್ಟಲು ಖಾಲಿಯಾಗುವುದನ್ನೇ ಕಾಯುತ್ತಿದ್ದಂತೆ ಆ ಮನೆಯ ತಾಯಿ ನನ್ನನ್ನು ಮೆಲ್ಲಗೆ ಅಡುಗೆ ಮನೆಗೆ ಕರೆದರು. ಪಾತ್ರೆ ತೊಳೆಯುವ ಕಟ್ಟೆಯ ಮೂಲೆಯಲ್ಲಿ ಒಂದು ಸಣ್ಣ ಸ್ಟೀಲ್ ಬಟ್ಟಲು ಇತ್ತು. ಅದರೊಳಗೆ ಬೆರಳ ತುದಿಯಷ್ಟು ಲೋಹದ ಕೊಳವೆ, ಗಾಜಿನ ಪುಟ್ಟ ಡಬ್ಬಿ, ಎರಡು ರಬ್ಬರ್ ಬಳೆ. ಎಲ್ಲವೂ ಸ್ಪಿರಿಟ್‌ನಲ್ಲಿ ನೆನೆಯುತ್ತಿದ್ದವು.

"ಇದು ಏನ್ರೀ ಬಾಜಿ? ಮೊಬೈಲಿನ ಸಾಮಾನ ಅಂತಾನ ಹುಡುಗ. ಮೊಬೈಲಿನ ಸಾಮಾನ ಯಾರರ ಹಿಂಗ ನೆನಿ ಇಡ್ತಾರೇನ್ರೀ?"

ಹುಡುಗ ಪುಣೆಯಲ್ಲಿ ಓದುತ್ತಾನೆ, ಹಬ್ಬಕ್ಕೆ ಬಂದಿದ್ದ. ಬಾಗಿಲಲ್ಲಿ ನಿಂತು ನಮ್ಮ ಮಾತು ಕೇಳಿಸಿಕೊಂಡವನು ಕೊನೆಗೆ ತಾನೇ ಬಾಯಿಬಿಟ್ಟ. ಅದು ವೇಪ್, ಅಂದರೆ ಇ-ಸಿಗರೇಟ್. ನೆನೆಹಾಕಿದ್ದು ಅದರ ಅಟೊಮೈಸರ್. ತಾಯಿಯ ಮುಖ ಕಂದಿದ್ದು ನೋಡಿ ಅವನು ಕೊಟ್ಟ ಸಮಾಧಾನ ಹೀಗಿತ್ತು: "ಅಮ್ಮಿ, ಇದು ಸಿಗರೇಟ್ ಅಲ್ಲ, ಬರೇ ಹಬಿ ಅದ. ವಾರಕ್ಕೊಮ್ಮೆ ಚಲೋತ್ನಾಗ ತೊಳಿತೀನಿ. ಹೊಲಸು ಇಟ್ಕೊಂಡವರಿಗೆ ತ್ರಾಸ ಆಗ್ತದ, ನನಗ ಏನೂ ಆಗಂಗಿಲ್ಲ."

ತಾಯಿ ನನ್ನ ಕಡೆ ತಿರುಗಿ ಕೇಳಿದರು: "ತೊಳದ್ರ ನಡೀತದೇನ್ರೀ?"

ಆ ಪ್ರಶ್ನೆಗೆ ಅಂದು ನನ್ನ ಬಳಿ ಪೂರ್ತಿ ಉತ್ತರ ಇರಲಿಲ್ಲ. ನಾನು ವೈದ್ಯೆಯಲ್ಲ. ಬಂದು ಓದಿದೆ, ತಿಳಿದವರನ್ನು ಕೇಳಿದೆ. ಆ ತಾಯಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ. ಏಕೆಂದರೆ ಇದು ಒಂದೇ ಮನೆಯ ಪ್ರಶ್ನೆಯಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಎಷ್ಟೋ ಮನೆಗಳ ಮಕ್ಕಳು ಪುಣೆ, ಮುಂಬೈ, ಬೆಂಗಳೂರಿನಲ್ಲಿ ಓದುತ್ತಾರೆ, ಗೋವಾದಲ್ಲಿ ದುಡಿಯುತ್ತಾರೆ. ಕೊಲ್ಲಿ ದೇಶಗಳಿಂದ ಮಾಮು, ಚಾಚಾ ಬರುವಾಗ ಸೂಟ್‌ಕೇಸಿನಲ್ಲಿ ಅತ್ತರ್, ಖರ್ಜೂರದ ಜೊತೆ ಇನ್ನೇನು ಬರುತ್ತದೆಂದು ನಾವು ಬಿಚ್ಚಿ ನೋಡುವುದಿಲ್ಲ.

ಅದರೊಳಗೆ ಏನಾಗುತ್ತದೆ?

ಮೊದಲು ಆ ಕೊಳವೆಯ ಕೆಲಸ ತಿಳಿದುಕೊಳ್ಳಿ. ಅಟೊಮೈಸರ್ ಎಂದರೆ ದ್ರವವನ್ನು ಅತಿ ಸಣ್ಣ ಹನಿಗಳಾಗಿ ಒಡೆಯುವ ಭಾಗ. ಅದರ ನಡುವೆ ತೆಳುವಾದ ತಂತಿಯ ಸುರುಳಿ ಇರುತ್ತದೆ, ಅದನ್ನು ಕಾಯಿಲ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು ನಿಕೆಲ್, ಕ್ರೋಮಿಯಂ ಬೆರೆತ ಲೋಹದ್ದು. ನಮ್ಮ ಮನೆಯ ವಿದ್ಯುತ್ ಒಲೆಯ ತಂತಿಯ ಜಾತಿಯದೇ. ಸುರುಳಿಗೆ ತಾಗಿ ಹತ್ತಿಯ ಬತ್ತಿ. ಡಬ್ಬಿಯ ದ್ರವವನ್ನು ಹತ್ತಿ ಹೀರುತ್ತದೆ, ಬ್ಯಾಟರಿ ತಂತಿಯನ್ನು ಕಾಯಿಸುತ್ತದೆ, ಸೇದಿದಾಗ ಬಿಳಿ ಮೋಡದಂಥದು ಬಾಯಿಗೆ ಬರುತ್ತದೆ. ಚಿಮಣಿ ದೀಪದ ಬತ್ತಿ ಎಣ್ಣೆ ಹೀರಿದಂತೆ ಎಂದುಕೊಳ್ಳಿ.

ಆ ಬಿಳಿ ಮೋಡ ನೀರಿನ ಹಬೆಯಲ್ಲ. ದ್ರವದಲ್ಲಿ ಇರುವುದು ಮುಖ್ಯವಾಗಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಬಣ್ಣಬಣ್ಣದ ರುಚಿಯ ರಾಸಾಯನಿಕಗಳು ಮತ್ತು ಹೆಚ್ಚಿನ ಪಾಲು ನಿಕೋಟಿನ್. ಬೀಡಿ, ಗುಟ್ಕಾ ಬಿಡಲಾಗದಂತೆ ಮನುಷ್ಯನನ್ನು ಕಟ್ಟಿಹಾಕುವುದು ಇದೇ ನಿಕೋಟಿನ್. ಮಾವಿನ ವಾಸನೆ, ಪುದೀನಾ ತಂಪು, ಕಲ್ಲಂಗಡಿಯ ಸಿಹಿ ಸೇರಿಸಿದರೆ ಅದರ ಗುಣ ಬದಲಾಗುವುದಿಲ್ಲ. ಅದರ ಘಾಟು ಮಾತ್ರ ಮರೆಯಾಗುತ್ತದೆ.

ಅಟೊಮೈಸರ್ ಕೊಳೆಯಾಗುವುದು ಏಕೆ? ರುಚಿಗಾಗಿ ಹಾಕಿದ ಸಿಹಿ ಕಾದ ತಂತಿಯ ಮೇಲೆ ಸುಟ್ಟು ಕಪ್ಪು ಜಿಗುಟಾಗಿ ಅಂಟುತ್ತದೆ. ಹಾಲು ಉಕ್ಕಿದ ಒಲೆಯ ಮೇಲೆ ಕರಕಲು ಕಟ್ಟುವುದಿಲ್ಲವೇ, ಹಾಗೆ. ಹತ್ತಿಯೂ ಕಪ್ಪಾಗುತ್ತದೆ. ಆಗ ಸುಟ್ಟ ರುಚಿ ಬರತೊಡಗುತ್ತದೆ. ಹತ್ತಿ ಒಣಗಿದ್ದಾಗ ತಂತಿ ಅತಿಯಾಗಿ ಕಾದರೆ ಆ ದ್ರವವೇ ಒಡೆದು ಫಾರ್ಮಾಲ್ಡಿಹೈಡ್‌ನಂಥ ವಿಷಕಾರಿ ಅನಿಲಗಳಾಗುತ್ತವೆ. ಅದಕ್ಕೇ ಈ ಚಟದವರು ಕೊಳವೆಯನ್ನು ಬಿಸಿನೀರಲ್ಲಿ, ಸ್ಪಿರಿಟ್‌ನಲ್ಲಿ ನೆನೆಸುತ್ತಾರೆ, ಹತ್ತಿ ಬದಲಿಸುತ್ತಾರೆ, ತಂತಿಯನ್ನು ಕೆಂಪಗೆ ಕಾಯಿಸಿ ಕರಕಲು ಉದುರಿಸುತ್ತಾರೆ, ಅದೂ ಆಗದಿದ್ದರೆ ಹೊಸ ಕಾಯಿಲ್ ಹಾಕುತ್ತಾರೆ.

ಇಷ್ಟೆಲ್ಲ ಮಾಡಿದರೆ ರುಚಿ ಸುಧಾರಿಸುತ್ತದೆ, ನಿಜ. ಆದರೆ ಆರೋಗ್ಯ?

ಹೊಸ ತಂತಿಯೂ ಬಿಡಲಿಲ್ಲ

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 56 ಮಂದಿ ದಿನವೂ ಬಳಸುತ್ತಿದ್ದ ಇ-ಸಿಗರೇಟುಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಅಂಗಡಿಯಿಂದ ತಂದ ಬಾಟಲಿಯ ದ್ರವದಲ್ಲಿ ಲೋಹದ ಅಂಶ ತೀರಾ ಕಡಿಮೆ ಇತ್ತು. ಅದೇ ದ್ರವ ಕಾದ ಕಾಯಿಲ್ ದಾಟಿ ಹೊರಬಂದಾಗ ಸೀಸ, ನಿಕೆಲ್, ಕ್ರೋಮಿಯಂ, ಮ್ಯಾಂಗನೀಸ್ ಹೆಚ್ಚಾಗಿ ಕಂಡವು. ಅಂದರೆ ಲೋಹ ಬರುವುದು ತಂತಿಯಿಂದಲೇ. ಇನ್ನೊಂದು ವಿಷಯವನ್ನೂ ಅವರು ಗಮನಿಸಿದರು: ಕಾಯಿಲ್ ಅನ್ನು ಹೆಚ್ಚು ಸಲ ಬದಲಿಸುವವರ ಸಾಧನಗಳಲ್ಲಿ ಲೋಹದ ಪ್ರಮಾಣ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿರುವ ಒಲವು ಕಂಡಿತು.

ಆ ಹುಡುಗನ ಮಾತಿಗೆ ಉತ್ತರ ಇಲ್ಲಿದೆ. ಅವನು ಕರಕಲನ್ನು ಶತ್ರು ಎಂದುಕೊಂಡಿದ್ದಾನೆ. ಕರಕಲನ್ನು ಉಜ್ಜಿ ತೆಗೆಯಬಹುದು. ಆದರೆ ಉಜ್ಜಿ ಹೊಳೆಯಿಸಿದ ತಂತಿಯೇ ಕಾದಾಗ ಲೋಹ ಬಿಡುತ್ತದೆ. ಅದನ್ನು ಯಾವ ಸ್ಪಿರಿಟ್‌ನಲ್ಲಿ ತೊಳೆಯುತ್ತೀರಿ?

ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ 75 ಉತ್ಪನ್ನಗಳನ್ನು ಪರೀಕ್ಷಿಸಿದರು. ಇವು ಯಾರೂ ಬಳಸದ, ಹೊಚ್ಚ ಹೊಸ ಕಾರ್ಟ್ರಿಜ್‌ಗಳು ಮತ್ತು ದ್ರವಗಳು. ಅವುಗಳಲ್ಲಿ 81 ಶೇಕಡಾದಲ್ಲಿ ಬೂಷ್ಟಿನ ಕೋಶಗೋಡೆಯಿಂದ ಬರುವ ಗ್ಲುಕಾನ್, 23 ಶೇಕಡಾದಲ್ಲಿ ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಎಂಬ ವಿಷಾಂಶ ಸಿಕ್ಕಿತು. ಹತ್ತಿಯ ಬತ್ತಿಯೂ ಇದರ ಮೂಲವಿರಬಹುದೆಂದು ಅವರು ಶಂಕಿಸಿದರು. ಜಿನ್ನಿಂಗ್ ಗಿರಣಿಯ ಧೂಳಿನಲ್ಲಿ ದುಡಿದವರ ಕೆಮ್ಮನ್ನು ಕಂಡ ನಮ್ಮ ಭಾಗದ ಜನರಿಗೆ ಹತ್ತಿಯ ಧೂಳು ಎದೆಗೆ ಏನು ಮಾಡುತ್ತದೆಂದು ಹೇಳಬೇಕಾಗಿಲ್ಲ.

ತೊಳೆಯುವುದರಲ್ಲೇ ಬೇರೆ ಅಪಾಯವೂ ಇದೆ. ನಿಕೋಟಿನ್ ದ್ರವ ಚರ್ಮದ ಮೂಲಕವೂ ದೇಹಕ್ಕೆ ಇಳಿಯುತ್ತದೆ. ಒದ್ದೆ ತಂಬಾಕಿನ ಎಲೆ ಕೀಳುವ ಕೂಲಿಕಾರರಿಗೆ ತಲೆಸುತ್ತು, ವಾಂತಿ ಬರುವುದು ಇದರಿಂದಲೇ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2014ರ ಡಿಸೆಂಬರ್‌ನಲ್ಲಿ ಇಂಥ ದ್ರವ ನುಂಗಿ ಒಂದು ಪುಟ್ಟ ಮಗು ತೀರಿಕೊಂಡಿತು. ಮಕ್ಕಳಿಗೆ ತೆರೆಯಲಾಗದ ಮುಚ್ಚಳ ಇರಬೇಕೆಂದು 2016ರಲ್ಲಿ ಅಲ್ಲಿ ಕಾನೂನೇ ಬಂತು. ನಮ್ಮ ಆ ಮನೆಯಲ್ಲಿ ಅದನ್ನು ನೆನೆಹಾಕಿದ್ದು ಅಡುಗೆ ಮನೆಯ ಬಟ್ಟಲಲ್ಲಿ. ಸಂಜೆ ಅದರಲ್ಲೇ ತಂಗಿಗೆ ಶೀರ್ ಖುರ್ಮಾ ಬಡಿಸುವವರಿದ್ದರು!

"ಬೀಡಿಗಿಂತ ವಾಸಿಯಲ್ಲವೇ?"

ಈ ವಾದಕ್ಕೆ ನ್ಯಾಯವಾಗಿ ಉತ್ತರಿಸಬೇಕು. ಬೀಡಿ, ಸಿಗರೇಟಿನಲ್ಲಿ ಎಲೆ ಉರಿಯುತ್ತದೆ, ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಬರುತ್ತವೆ. ಇ-ಸಿಗರೇಟಿನಲ್ಲಿ ಹಾಗೆ ಉರಿಯುವುದಿಲ್ಲ. ಬ್ರಿಟನ್ ಸರಕಾರ 2023ರಲ್ಲಿ ಹತ್ತು ಲಕ್ಷ ಧೂಮಪಾನಿಗಳಿಗೆ ಸಿಗರೇಟು ಬಿಡಿಸಲು ವೇಪ್ ಕೊಡುವ ಯೋಜನೆಯನ್ನೇ ಘೋಷಿಸಿತು. ಮೂವತ್ತು ವರ್ಷ ಸಿಗರೇಟು ಸೇದಿದ ಮನುಷ್ಯ, ಪರೀಕ್ಷೆಗೊಳಗಾದ ಉತ್ಪನ್ನ, ಜೊತೆಗೆ ಸಲಹೆಗಾರ: ಅಲ್ಲಿನ ಲೆಕ್ಕ ಅದು.

ನಮ್ಮ ಹುಡುಗನ ಲೆಕ್ಕ ಬೇರೆ. ಅವನು ಜನ್ಮದಲ್ಲಿ ಬೀಡಿ ಮುಟ್ಟಿರಲಿಲ್ಲ. ಬಿಡಲು ಅವನಿಗೆ ಏನೂ ಇರಲಿಲ್ಲ. ಬೀಡಿಗಿಂತ ವಾಸಿ ಎಂಬುದು ಬೀಡಿ ಸೇದುವವನಿಗೆ ಹೇಳುವ ಮಾತು. ಸೇದದವನಿಗೆ ಹೋಲಿಕೆ ಶುದ್ಧ ಗಾಳಿಯೊಂದಿಗೆ ಮಾತ್ರ. ಇನ್ನು ಆ ದ್ರವ ಎಲ್ಲಿಂದ ಬಂತು? ನಮ್ಮ ದೇಶದಲ್ಲಿ ಇದರ ಮಾರಾಟವೇ ನಿಷಿದ್ಧವಾದ್ದರಿಂದ ಸಿಗುವುದೆಲ್ಲ ಕಳ್ಳದಾರಿಯ ಮಾಲು. ಸೀಸೆಯ ಮೇಲೆ ಬರೆದದ್ದಕ್ಕೂ ಒಳಗಿರುವುದಕ್ಕೂ ಹೊಣೆ ಹೊರುವವರು ಯಾರೂ ಇಲ್ಲ. ಅಮೆರಿಕದಲ್ಲಿ 2019ರಲ್ಲಿ ವೇಪ್ ಸೇದಿದ ಯುವಕರು ಉಸಿರಾಡಲಾಗದೆ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿಯ ಹೊತ್ತಿಗೆ ಆಸ್ಪತ್ರೆ ಸೇರಿದವರು 2,807, ಸತ್ತವರು 68. ಹೆಚ್ಚಿನವರು ಸೇದಿದ್ದು ಗಾಂಜಾದ ಅಂಶ ಬೆರೆತ ಕಳ್ಳಮಾಲು, ಅದರಲ್ಲಿ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ ಬೆರೆಸಿದ್ದರು. ಎಲ್ಲ ವೇಪ್‌ನಿಂದಲೂ ಹೀಗಾಗುತ್ತದೆಂದು ನಾನು ಹೇಳುತ್ತಿಲ್ಲ. ಒಳಗೇನಿದೆ ಎಂದು ತಿಳಿಯದ ದ್ರವವನ್ನು ಪುಪ್ಪುಸಕ್ಕೆ ಎಳೆಯುವುದು ಎಂದರೆ ಏನೆಂದು ಹೇಳುತ್ತಿದ್ದೇನೆ. ಆ ರೋಗಿಗಳಲ್ಲಿ ಯಾರೂ ಕೊಳವೆ ತೊಳೆಯಲಿಲ್ಲ ಎಂಬ ಕಾರಣಕ್ಕೆ ಸಾಯಲಿಲ್ಲ.

ವಿಜಾಪುರದ ಹಳೆಯ ಕಥೆ

ಹೊಗೆಯನ್ನು ಚೆಂದ ಮಾಡಿ, ಶುದ್ಧ ಮಾಡಿ ಸೇದುವ ಆಸೆ ಹೊಸದಲ್ಲ. ಅದಕ್ಕೆ ನಮ್ಮ ಜಿಲ್ಲೆಯದೇ ಒಂದು ಕಥೆ ಇದೆ. ಇಬ್ರಾಹಿಂ ಆದಿಲ್ ಶಾಹ್ ಆಳುತ್ತಿದ್ದ ಕಾಲದಲ್ಲಿ, 1604ರ ಸುಮಾರಿಗೆ, ಮೊಘಲ್ ಬಾದಶಾಹ ಅಕ್ಬರನ ರಾಯಭಾರಿ ಅಸದ್ ಬೇಗ್ ಬಿಜಾಪುರಕ್ಕೆ ಬಂದಿದ್ದ. ತಂಬಾಕನ್ನು ಅವನು ಮೊದಲು ಕಂಡದ್ದು ಇಲ್ಲೇ. ಅದನ್ನು ಕೊಂಡು, ರತ್ನ ಕೆತ್ತಿದ ಸುಂದರ ಕೊಳವೆ ಮಾಡಿಸಿ, ಬಾಯಿಗಿಡುವ ತುದಿಗೆ ಯಮನಿನ ಅಕೀಕ್ ಕಲ್ಲು ಕೂರಿಸಿ, ಆಗ್ರಾಕ್ಕೆ ಒಯ್ದು ಬಾದಶಾಹನ ಮುಂದಿಟ್ಟ. ಅಕ್ಬರ್ ಎರಡು ಮೂರು ಸಲ ಎಳೆದು ನೋಡಿದ. ಆಸ್ಥಾನದ ಹಕೀಮರು ತಡೆದರು. ಇದು ನಮ್ಮ ವೈದ್ಯರು ಪರೀಕ್ಷಿಸದ ವಸ್ತು, ಇದರ ಗುಣದೋಷ ಯಾರೂ ಬರೆದಿಲ್ಲ ಎಂಬುದು ಅವರ ಆಕ್ಷೇಪ. ಫಿರಂಗಿಗಳು ಬಳಸುತ್ತಾರಲ್ಲ ಎಂಬುದು ಅಸದ್ ಬೇಗನ ಸಮರ್ಥನೆ. ಅಕ್ಬರ್ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ. ಅಮೀರರು ಮಾಡಿಕೊಂಡರು, ವ್ಯಾಪಾರಿಗಳು ತರತೊಡಗಿದರು, ಚಟ ಹಬ್ಬಿತು. ಜಹಾಂಗೀರ್ 1617ರಲ್ಲಿ ನಿಷೇಧಿಸಿದರೂ ಅದು ನಿಲ್ಲಲಿಲ್ಲ.

ನಾನೂರು ವರ್ಷಗಳ ನಂತರವೂ ಸಮರ್ಥನೆಗಳು ಬದಲಾಗಿಲ್ಲ ನೋಡಿ. ಕೊಳವೆ ಚೆಂದವಿದೆ. ಹೊರದೇಶದವರು ಬಳಸುತ್ತಾರೆ. ಹುಕ್ಕಾ ಬಂದಾಗ ಹೊಗೆ ನೀರಿನಲ್ಲಿ ತೊಳೆದು ಬರುತ್ತದೆ ಎಂದರು. ನೀರು ಹೊಗೆಯನ್ನು ತಂಪು ಮಾಡುತ್ತದೆಯೇ ಹೊರತು ಅದರ ವಿಷವನ್ನು ಕಳೆಯುವುದಿಲ್ಲ. ಸಿಗರೇಟಿಗೆ ಫಿಲ್ಟರ್ ಬಂದಾಗ ಇನ್ನು ಭಯವಿಲ್ಲ ಎಂದರು. ಫಿಲ್ಟರ್ ಸಿಗರೇಟು ಸೇದಿದವರಿಗೂ ಕ್ಯಾನ್ಸರ್ ಬಂತು. ಈಗ ಕಾಯಿಲ್ ತೊಳೆಯುತ್ತೇನೆ ಎನ್ನುತ್ತಾರೆ.

ಶುದ್ಧಿ ಎಂದರೆ

ಶುದ್ಧಿಯ ಬಗ್ಗೆ ನಮಗೆ ಬೇರೆಯವರು ಕಲಿಸಬೇಕಾಗಿಲ್ಲ. ದಿನಕ್ಕೆ ಐದು ಸಲ ವುಝೂ ಮಾಡುವ ಸಮುದಾಯ ನಮ್ಮದು. ಪ್ರವಾದಿಯವರು(ಸ) ಶುಚಿತ್ವವನ್ನು ಈಮಾನಿನೊಂದಿಗೆ ಜೋಡಿಸಿದರು, ಮಿಸ್ವಾಕ್‌ಗೆ ಒತ್ತು ಕೊಟ್ಟರು, ಹಸಿ ಬೆಳ್ಳುಳ್ಳಿ ತಿಂದ ಬಾಯಿಯಲ್ಲಿ ಮಸೀದಿಗೆ ಬಂದು ಪಕ್ಕದವರಿಗೆ ತೊಂದರೆ ಕೊಡಬಾರದೆಂದರು. ಆದರೆ ನಮ್ಮ ಶುದ್ಧಿಯ ಕಲ್ಪನೆ ಪಾತ್ರೆಗೆ ಮಾತ್ರ ಸಂಬಂಧಿಸಿದ್ದಲ್ಲ. ಪಾತ್ರೆಯೊಳಗೆ ಏನಿದೆ ಎಂಬುದನ್ನೂ ಅದು ಕೇಳುತ್ತದೆ. ಲೋಟ ಎಷ್ಟು ಬೆಳಗಿದರೂ ಅದರಲ್ಲಿನ ಮದ್ಯ ಹಲಾಲ್ ಆಗುವುದಿಲ್ಲ. ತಂಬಾಕಿನ ವಿಷಯದಲ್ಲಿ ವಿದ್ವಾಂಸರಲ್ಲಿ ಮಕ್ರೂಹ್ ಎನ್ನುವವರೂ ಇದ್ದಾರೆ, ಹರಾಮ್ ಎನ್ನುವವರೂ ಇದ್ದಾರೆ. ದೇಹ ಅಲ್ಲಾಹನು ಕೊಟ್ಟ ಅಮಾನತ್, ಅದನ್ನು ತಿಳಿದೂ ತಿಳಿದೂ ಹಾಳುಮಾಡುವ ಹಕ್ಕು ನಮಗಿಲ್ಲ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಬರೇ ಹಬೆ ಎಂಬ ಮಾತು ರಮಝಾನಿನಲ್ಲೂ ಮೋಸ ಮಾಡುತ್ತದೆ. ಹೊಗೆಯನ್ನು ಉದ್ದೇಶಪೂರ್ವಕವಾಗಿ ಒಳಗೆಳೆದರೆ ಉಪವಾಸ ಮುರಿಯುತ್ತದೆಂಬುದು ಉಲಮಾಗಳ ಸಾಮಾನ್ಯ ಅಭಿಪ್ರಾಯ. ಇದಕ್ಕೆ ಹಬೆ ಎಂದು ಹೆಸರಿಟ್ಟು ತಪ್ಪಿಸಿಕೊಳ್ಳಲು ಬರುವುದಿಲ್ಲ. ಸಂಶಯವಿದ್ದವರು ತಮ್ಮ ಮಸೀದಿಯ ಇಮಾಮರನ್ನು ಕೇಳಿ.

ಕಾನೂನನ್ನೂ ತಿಳಿದಿರಿ. ಕರ್ನಾಟಕ ಸರಕಾರ 2016ರ ಜೂನ್‌ನಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರಲ್ಲಿ ಕೇಂದ್ರ ಸರಕಾರ ಮೊದಲು ಸುಗ್ರೀವಾಜ್ಞೆ, ನಂತರ ಕಾಯ್ದೆ ತಂದು ತಯಾರಿಕೆ, ಆಮದು, ಸಾಗಾಟ, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು ಎಲ್ಲವನ್ನೂ ದೇಶವಿಡೀ ನಿಲ್ಲಿಸಿತು. ಇಡೀ ಸಾಧನಕ್ಕೆ ಮಾತ್ರವಲ್ಲ, ಅದರ ಯಾವುದೇ ಭಾಗಕ್ಕೂ ಈ ನಿಷೇಧ ಅನ್ವಯಿಸುತ್ತದೆ. ಅಂದರೆ ಬರೀ ಅಟೊಮೈಸರ್ ತಂದು ಮಾರಿದರೂ ಅಪರಾಧವೇ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ ಮೂರು ವರ್ಷ, ಐದು ಲಕ್ಷದವರೆಗೆ. ಯುಎಇಯಲ್ಲಿ 2019ರಿಂದ ಇದರ ಮಾರಾಟಕ್ಕೆ ಅನುಮತಿ ಇದೆ. ದುಬೈ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುವುದನ್ನು ನಾಲ್ಕು ಹುಡುಗರಿಗೆಂದು ತರುವ ಚಾಚಾನಿಗೆ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಅದು ಆಮದು ಎನಿಸುತ್ತದೆಂದು ಗೊತ್ತಿರುವುದಿಲ್ಲ. ಊರಿಗೆ ಹೊರಡುವ ಮೊದಲೇ ಅವರಿಗೆ ಫೋನಿನಲ್ಲಿ ಹೇಳಿ.

ಅದೇ ಮನೆಯ ಇನ್ನೊಂದು ಹಬೆ ಮಶೀನು

ಈಗ ನಾನು ಅಂದು ಆ ಮನೆಯಲ್ಲಿ ಕಂಡ ಎರಡನೆಯ ವಸ್ತುವಿನ ಬಗ್ಗೆ ಹೇಳಬೇಕು. ನಡುಮನೆಯ ಮಂಚದ ಮೇಲೆ ಹುಡುಗನ ದಾದಿ ಕುಳಿತಿದ್ದರು. ಅವರಿಗೆ ದಮ್ಮಿನ ಕಾಯಿಲೆ. ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟಿನ ಧೂಳು ಎದ್ದರೆ ರಾತ್ರಿಯಿಡೀ ಮಲಗಲಾಗುವುದಿಲ್ಲ. ಡಾಕ್ಟರು ಬರೆದುಕೊಟ್ಟ ನೆಬ್ಯುಲೈಸರ್ ಇದೆ, ನಮ್ಮವರು ಹಬೆ ಮಶೀನು ಎನ್ನುತ್ತೇವಲ್ಲ, ಅದು. ಅದೂ ಔಷಧದ ದ್ರವವನ್ನು ಸಣ್ಣ ಹನಿಗಳಾಗಿ ಒಡೆದು ಪುಪ್ಪುಸಕ್ಕೆ ಕಳಿಸುವ ಸಾಧನವೇ. ಪ್ಲಾಸ್ಟಿಕ್ ಚೀಲದಿಂದ ತೆಗೆದಾಗ ಅದರ ಕಪ್ಪಿನ ತಳದಲ್ಲಿ ಹಿಂದಿನ ದಿನದ ಔಷಧ ಹಾಗೇ ಇತ್ತು. ಮಾಸ್ಕಿನ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಎಷ್ಟು ದಿನಕ್ಕೊಮ್ಮೆ ತೊಳೆಯುತ್ತೀರಿ ಎಂದರೆ ಯಾರಿಗೂ ನೆನಪಿರಲಿಲ್ಲ.

ಒಂದೇ ಸೂರಿನಡಿ ಮೊಮ್ಮಗನ ವಿಷದ ಕೊಳವೆಗೆ ವಾರಕ್ಕೊಮ್ಮೆ ಸ್ಪಿರಿಟ್ ಸ್ನಾನ. ಅಜ್ಜಿಯ ಔಷಧದ ಕಪ್ಪಿಗೆ ಒಂದು ಲೋಟ ನೀರಿಲ್ಲ. ನನಗೆ ಬೇಸರವಾದದ್ದು ವೇಪ್ ನೋಡಿದ್ದಕ್ಕಿಂತ ಹೆಚ್ಚಾಗಿ ಇದಕ್ಕೆ. ಇದರಲ್ಲಿ ಅವನೊಬ್ಬನ ತಪ್ಪೂ ಇಲ್ಲ, ನಮ್ಮೆಲ್ಲರದೂ ಇದೆ.

ಒದ್ದೆಯಾಗಿ ಮುಚ್ಚಿಟ್ಟ ಕಪ್ಪಿನಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಮರುದಿನ ಅದೇ ಮಶೀನು ಅವುಗಳನ್ನು ಮೊದಲೇ ಸೋತ ಪುಪ್ಪುಸದ ಆಳಕ್ಕೆ ಊದುತ್ತದೆ. ಆದ್ದರಿಂದ ಇದನ್ನು ರೂಢಿ ಮಾಡಿಕೊಳ್ಳಿ:

ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಪ್ರತಿ ಸಲ ಬಳಸಿದ ಮೇಲೆ ಕಪ್ಪು ಮತ್ತು ಮಾಸ್ಕನ್ನು ಬಿಚ್ಚಿ, ಉಳಿದ ಔಷಧ ಚೆಲ್ಲಿ, ಬೆಚ್ಚಗಿನ ನೀರಲ್ಲಿ ತೊಳೆದು, ನೀರು ಝಾಡಿಸಿ, ಶುಭ್ರ ಬಟ್ಟೆಯ ಮೇಲೆ ಗಾಳಿಗೆ ಒಣಗಲು ಬಿಡಿ.

ದಿನಕ್ಕೊಮ್ಮೆ ಪಾತ್ರೆ ತೊಳೆಯುವ ಸೌಮ್ಯ ಸಾಬೂನು ನೀರಲ್ಲಿ ತೊಳೆಯಿರಿ. ಜೊತೆಗೆ ಬಂದ ಕಾಗದದಲ್ಲಿ ಕುದಿಸಬಹುದೆಂದು ಬರೆದಿದ್ದರೆ ಮಾತ್ರ ಐದು ನಿಮಿಷ ಕುದಿಸಿ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಡಾಕ್ಟರಲ್ಲಿ ಕೇಳಿ.

ಗಾಳಿಯ ನಳಿಕೆಯನ್ನೂ ಮಶೀನನ್ನೂ ನೀರಲ್ಲಿ ಅದ್ದಬೇಡಿ. ಹೊರಗಿನಿಂದ ಒರೆಸಿದರೆ ಸಾಕು. ನಳಿಕೆಯಲ್ಲಿ ತೇವ ಕಂಡರೆ ಕಪ್ಪಿಲ್ಲದೆ ಸ್ವಲ್ಪ ಹೊತ್ತು ಮಶೀನು ಓಡಿಸಿ.

ಪೂರ್ತಿ ಒಣಗಿದ ಮೇಲಷ್ಟೇ ಡಬ್ಬಿಯಲ್ಲಿಡಿ. ಗಾಳಿ ಎಳೆಯುವ ಫಿಲ್ಟರ್ ಬೂದು ಬಣ್ಣಕ್ಕೆ ತಿರುಗಿದರೆ ಬದಲಿಸಿ. ಒಬ್ಬರ ಮಾಸ್ಕನ್ನು ಇನ್ನೊಬ್ಬರಿಗೆ ಹಾಕಬೇಡಿ, ಮನೆಯವರಾದರೂ ಸರಿ. ಔಷಧಕ್ಕೆ ನಲ್ಲಿ ನೀರು ಬೆರೆಸಬೇಡಿ.

ಸ್ಟೆರಾಯ್ಡ್ ಔಷಧವಾಗಿದ್ದರೆ ಮುಗಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಮಾಸ್ಕ್ ಹಾಕಿದ್ದರೆ ಮುಖವನ್ನೂ ತೊಳೆಯಬೇಕು. ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಬರುತ್ತದೆ. ನಮಾಝಿಗೆ ಮೊದಲು ಔಷಧ ತೆಗೆದುಕೊಂಡರೆ ವುಝೂದಲ್ಲೇ ಇದು ಆಗಿಹೋಗುತ್ತದೆ.

ಉಪವಾಸದ ದಿನ ದಮ್ಮು ಎದ್ದರೆ ಔಷಧ ನಿಲ್ಲಿಸಿ ನರಳಬೇಡಿ. ರೋಗಿಗೆ ದೀನ್ ರಿಯಾಯಿತಿ ಕೊಟ್ಟಿದೆ. ಡಾಕ್ಟರನ್ನೂ ಆಲಿಮರನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ಮಗನೊಂದಿಗೆ ಹೇಗೆ ಮಾತನಾಡುವಿರಿ?

ಸಿಹಿ ಹಣ್ಣಿನ ವಾಸನೆ, ಪೆನ್ ಡ್ರೈವ್‌ನಂಥ ಅಥವಾ ದಪ್ಪ ಪೆನ್ನಿನಂಥ ಸಾಧನ, ಸಣ್ಣ ಬಣ್ಣದ ಸೀಸೆ, ಹತ್ತಿಯ ಸುರುಳಿ ಕಂಡರೆ ಕೂಗಾಡಬೇಡಿ. ಹೊಡೆದರೆ ಅವನು ಬಿಡುವುದಿಲ್ಲ, ಬಚ್ಚಿಡುತ್ತಾನೆ ಅಷ್ಟೆ. ಇನ್ನೊಂದು ಮಾತು ಕಹಿಯಾದರೂ ಹೇಳಬೇಕು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ 22.8 ಶೇಕಡಾ ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ನಮ್ಮ ಮನೆಗಳನ್ನೇ ನೋಡಿ. ಬೆಳಿಗ್ಗೆ ಎದ್ದು ಹಲ್ಲಿಗೆ ಮಿಶ್ರಿ ತಿಕ್ಕುವ ಹೆಂಗಸರಿದ್ದಾರೆ. ಅಬ್ಬಾನ ಅಂಗಿಯ ಜೇಬಿನಲ್ಲಿ ಗುಟ್ಕಾ ಪೊಟ್ಟಣವಿದೆ. ಆ ಬಾಯಿಂದ ಬರುವ ಬುದ್ಧಿವಾದ ಮಗನ ಕಿವಿಗೆ ಇಳಿಯುವುದಿಲ್ಲ. ನಾನು ಮಿಶ್ರಿ ಬಿಡುತ್ತೇನೆ, ನೀನು ಇದನ್ನು ಬಿಡು, ಇಬ್ಬರೂ ಕೂಡಿ ಬಿಡೋಣ ಎಂದು ಹೇಳುವ ತಾಯಿಯ ಮಾತಿಗೆ ತೂಕವಿದೆ.

ಬಿಡುವುದು ಸುಲಭವಲ್ಲ ಎಂಬುದನ್ನೂ ಒಪ್ಪಿಕೊಳ್ಳಿ. ಮೊದಲ ಕೆಲವು ದಿನ ಸಿಡಿಮಿಡಿ, ತಲೆನೋವು, ನಿದ್ದೆಗೇಡು ಇರುತ್ತದೆ. ಅದು ದುರಹಂಕಾರವಲ್ಲ, ನಿಕೋಟಿನ್ ಬಿಟ್ಟುಹೋಗುವ ಲಕ್ಷಣ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಲು ಹಣ ಬೇಕಿಲ್ಲ. ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಹೋಗಿ ತಂಬಾಕು ಬಿಡಿಸುವ ಸಲಹೆ ಕೇಳಿ. ನಿಕೋಟಿನ್ ಗಮ್‌ನಂಥ ಪರವಾನಗಿ ಪಡೆದ ಔಷಧಗಳನ್ನು ಎಷ್ಟು, ಎಷ್ಟು ದಿನ ಎಂದು ವೈದ್ಯರೇ ಹೇಳಲಿ.

ಸಾಧನವನ್ನು ಒಲೆಗೆ ಎಸೆಯಬೇಡಿ, ಒಳಗಿನ ಲಿಥಿಯಂ ಬ್ಯಾಟರಿ ಸಿಡಿಯುತ್ತದೆ. ದ್ರವವನ್ನು ಪಾತ್ರೆ ತೊಳೆಯುವ ಕಟ್ಟೆಗೆ ಸುರಿಯಬೇಡಿ. ಕೈಗೆ ತಾಗಿದ್ದರೆ ಸಾಬೂನಿನಿಂದ ತೊಳೆಯಿರಿ. ಮಗು ಬಾಯಿಗೆ ಹಾಕಿಕೊಂಡಿದ್ದರೆ ವಾಂತಿ ಮಾಡಿಸುತ್ತ ಕೂರದೆ ಸೀಸೆಯ ಸಮೇತ ಆಸ್ಪತ್ರೆಗೆ ಓಡಿ. ಬ್ಯಾಟರಿಯನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ನೆನೆಹಾಕಿದ ಬಟ್ಟಲನ್ನು ಮತ್ತೆ ಊಟಕ್ಕೆ ಬಳಸಬೇಡಿ.

ಆ ಹುಡುಗ ಪೂರ್ತಿ ಬಿಟ್ಟಿದ್ದಾನೆ ಎಂದು ನಾನು ಹೇಳಲಾರೆ. ಪುಣೆಗೆ ಮರಳುವ ಮುನ್ನ ಕೊಳವೆ, ಸೀಸೆ ಎರಡನ್ನೂ ತಾಯಿಯ ಕೈಗೆ ಕೊಟ್ಟು ಹೋದ. ಅಲ್ಲಿ ಹೋಗಿ ಇನ್ನೊಂದು ಕೊಂಡನೋ ಇಲ್ಲವೋ ಅಲ್ಲಾಹನಿಗೆ ಗೊತ್ತು. ತಾಯಿ ಈಗ ಮಿಶ್ರಿ ಬಿಟ್ಟಿದ್ದಾರೆ, ವಾರಕ್ಕೆರಡು ಸಲ ಅವನಿಗೆ ಫೋನ್ ಮಾಡಿ ಇಬ್ಬರ ಲೆಕ್ಕವನ್ನೂ ಕೇಳುತ್ತಾರೆ, ತಮ್ಮದನ್ನು ಮೊದಲು ಹೇಳುತ್ತಾರೆ. ಹೊರಡುವ ಹಿಂದಿನ ರಾತ್ರಿ ಅವನು ದಾದಿಯ ಹಬೆ ಮಶೀನಿನ ಕಪ್ಪನ್ನು ತಾನೇ ಬಿಚ್ಚಿ ತೊಳೆದು, ಹೇಗೆ ತೊಳೆಯಬೇಕೆಂದು ತಂಗಿಗೆ ತೋರಿಸಿಕೊಟ್ಟನಂತೆ. ಸಣ್ಣ ಭಾಗಗಳನ್ನು ಬಿಚ್ಚಿ ಜೋಡಿಸುವುದು ಅವನಿಗೆ ಚೆನ್ನಾಗಿ ಗೊತ್ತಿತ್ತಲ್ಲ.

ನಿಮ್ಮ ಮನೆಯಲ್ಲೂ ಹಬೆ ಮಶೀನು ಇದ್ದರೆ ಇಂದು ರಾತ್ರಿಯೇ ಅದರ ಕಪ್ಪನ್ನು ಬಿಚ್ಚಿ ನೋಡಿ. ತೊಳೆಯಲು ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈಗೆ ಕೆಲಸವಿದ್ದಾಗ ಮಾತು ಸಲೀಸಾಗಿ ಬರುತ್ತದೆ, ಉಳಿದದ್ದನ್ನೂ ಆಗಲೇ ಕೇಳಿಬಿಡಿ.